ಸ್ಟ್ರಾಂಗಾ, ಮೈಲ್ಡಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಹಿರಿಯರೊಬ್ಬರು ಬರೆದಿದ್ದರು. ಬಿಯರ್ ಎಲ್ಲವೂ ಒಂದೇ ಕಹಿನೀರು, ಅದರಲ್ಲಿ ಈ ಬಗೆ ಆ ಬಗೆ ಅಂತ ಮಾತಾಡೋದೆಲ್ಲ ಬರೀ ಶೋಕಿ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅರುವತ್ತರ ಹತ್ತಿರ ಬರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದವನು. ಆದರೂ ಎರಡು ಮಾತು ಹೇಳದೆ ಇರಲಾಗಲಿಲ್ಲ.

ನಾನು ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ 34 ವರ್ಷ ದುಡಿದು ರಿಟೈರ್ ಆದವನು. ಮನೆ ರಾಜಾಜಿನಗರ. ಹದಿನೈದು ದಿನಕ್ಕೊಮ್ಮೆ ಕಾಫಿಪುಡಿ ಅಂಗಡಿಗೆ ಹೋಗುತ್ತೇನೆ. "ಅರ್ಧ ಕೆಜಿ ಕೊಡಪ್ಪ. ಪೀಬೆರಿ ಮುಕ್ಕಾಲು, ಪ್ಲಾಂಟೇಶನ್ ಎ ಕಾಲು, ಚಿಕೋರಿ ನೂರಕ್ಕೆ 15. ಹುರಿದಿದ್ದು ಸ್ವಲ್ಪ ಕಪ್ಪಗಿರಲಿ" ಅನ್ನುತ್ತೇನೆ. ಅವನು ಎದುರಿಗೇ ತೂಗಿ, ಬೀಸಿ, ಬಿಸಿಬಿಸಿ ಪೊಟ್ಟಣ ಕೈಗಿಡುತ್ತಾನೆ. ಇದನ್ನು ಯಾರೂ ಶೋಕಿ ಅನ್ನೋದಿಲ್ಲ. ಅಲ್ಲಿಂದ ನಾಲ್ಕು ಅಂಗಡಿ ದಾಟಿದರೆ ವೈನ್ ಶಾಪ್. ಕಬ್ಬಿಣದ ಜಾಲರಿ, ಅದರಲ್ಲೊಂದು ಕಿಂಡಿ. ಕಿಂಡಿಯೊಳಗಿಂದ ಒಂದೇ ಪ್ರಶ್ನೆ: "ಸ್ಟ್ರಾಂಗಾ, ಮೈಲ್ಡಾ?"

ಕಾನೂನಿನ ಲೆಕ್ಕದಲ್ಲಿ ಆಲ್ಕೋಹಾಲ್ 5 ಪರ್ಸೆಂಟ್ ಒಳಗಿದ್ದರೆ ಮೈಲ್ಡ್, ಅದು ದಾಟಿ 8ರವರೆಗೆ ಹೋದರೆ ಸ್ಟ್ರಾಂಗ್. ಸರಿ. ಆದರೆ ಅದು ಏರೋ ಲೆಕ್ಕ ಆಯಿತು, ರುಚಿಯ ಲೆಕ್ಕ ಎಲ್ಲಿ? ಊಟಕ್ಕೆ ಏನಿದೆ ಅಂತ ಕೇಳಿದರೆ ಖಾರ ಎಷ್ಟು ಅಂತ ಮಾತ್ರ ಹೇಳಿದ ಹಾಗಾಯಿತು.

ನನ್ನ ಕಣ್ಣು ತೆರೆದದ್ದು ಜರ್ಮನಿಯ ಕ್ಯೋಲ್ನ್ ಊರಿನಲ್ಲಿ. ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. 2019ರಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದಳು. ಒಂದು ಸಂಜೆ, "ಅಪ್ಪ, ನೀನು ಕುಡಿಯೋದು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ, ಬಾ" ಅಂತ ಹಳೇ ಕಾಲದ ಬಿಯರ್ ಮನೆಯೊಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ಬಿಯರಿಗೆ ಊರಿನದೇ ಹೆಸರು, ಕ್ಯೋಲ್ಶ್. ಆ ಊರು ಮತ್ತು ಸುತ್ತಮುತ್ತ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಗ್ಲಾಸು 200 ಎಂಎಲ್‌ದು, ತೆಳ್ಳಗೆ ಉದ್ದಕ್ಕೆ, ಅಗರಬತ್ತಿ ಕೊಳವೆ ಥರ. ನನಗೆ ನಗು ಬಂತು. 650 ಎಂಎಲ್ ಬಾಟಲಿ ನೋಡಿ ಬೆಳೆದವನಿಗೆ ಇದು ತೀರ್ಥ.

ಬಡಿಸುವವನಿಗೆ ಅಲ್ಲಿ ಕ್ಯೋಬೆಸ್ ಅನ್ನುತ್ತಾರೆ. ತೂತಿರುವ ದುಂಡು ತಟ್ಟೆಯಲ್ಲಿ ಹತ್ತು ಹನ್ನೆರಡು ಗ್ಲಾಸು ಸಿಕ್ಕಿಸಿಕೊಂಡು ಓಡಾಡುತ್ತಿರುತ್ತಾನೆ. ನನ್ನ ಗ್ಲಾಸು ಖಾಲಿ ಆಯಿತು. ಕೇಳಲಿಲ್ಲ, ಕರೆಯಲಿಲ್ಲ, ಹೊಸದು ಬಂದು ಕೂತಿತು. ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು. ಸರಿ, ಮರ್ಯಾದೆ ಅಂತ ಕುಡಿದೆ. ಮತ್ತೊಂದು ಬಂತು. ಮತ್ತೊಂದು ಗೀಟು. ಐದನೆಯದಕ್ಕೆ ನನಗೆ ಗಾಬರಿ, ಮಗಳಿಗೆ ನಗು. "ಅಪ್ಪ, ಬಿಲ್ಲೆ ತೆಗೆದು ಗ್ಲಾಸಿನ ಮೇಲೆ ಮುಚ್ಚಬೇಕು. ಅಲ್ಲೀವರೆಗೆ ಅವನು ನಿಲ್ಲಿಸಲ್ಲ" ಅಂದಳು. ನಮ್ಮ ಮದುವೆ ಮನೆಯಲ್ಲಿ ಎಲೆ ಮೇಲೆ ಕೈ ಅಡ್ಡ ಹಿಡಿಯುವುದಿಲ್ಲವೇ, ಅದೇ ಇದು. ಮೊದಲೇ ಹೇಳಬಾರದಿತ್ತಾ ಅಂದರೆ, ಎಷ್ಟು ಕುಡೀತೀಯ ನೋಡೋಣ ಅಂತ ಸುಮ್ನೆ ಇದ್ದೆ ಅಂದಳು ಪುಣ್ಯಾತಗಿತ್ತಿ.

ಆದರೆ ರುಚಿ! ಹಗುರ, ಕೊನೆಗೊಂದಿಷ್ಟು ಕಹಿ, ನಡುವೆ ಎಲ್ಲೋ ಸೇಬಿನ ನೆನಪು. ಅಷ್ಟು ವರ್ಷ ನಾನು ಬಿಯರ್ ನುಂಗಿದ್ದೆ, ಕುಡಿದಿರಲಿಲ್ಲ. ಮಾರನೇ ದಿನ ರೈಲಿನಲ್ಲಿ ಪಕ್ಕದ ಡ್ಯೂಸೆಲ್ಡಾರ್ಫ್‌ಗೆ ಹೋದೆವು. ಸುಮಾರು 40 ಕಿಲೋಮೀಟರ್, ಬೆಂಗಳೂರಿನಿಂದ ರಾಮನಗರಕ್ಕಿಂತ ಸ್ವಲ್ಪ ಕಡಿಮೆ. ಅಲ್ಲಿಯ ಬಿಯರ್ ಆಲ್ಟ್, ತಾಮ್ರದ ಬಣ್ಣ, ಹುರಿದ ಘಮ. ಅಲ್ಲಿ ಕೂತು ಕ್ಯೋಲ್ಶ್ ಕೇಳಿದರೆ ಮುಖ ಹುಳ್ಳಗೆ ಮಾಡುತ್ತಾರೆ. ಮೈಸೂರಿನ ಹೋಟೆಲಿನಲ್ಲಿ ಕೂತು ದಾವಣಗೆರೆ ಬೆಣ್ಣೆದೋಸೆ ಹೊಗಳಿದ ಹಾಗೆ.

ಊರಿಗೆ ವಾಪಸ್ ಬಂದ ಮೇಲೆ ನಾವು ನಾಲ್ವರು ಸೇರಿ ಒಂದು ಪದ್ಧತಿ ಮಾಡಿಕೊಂಡೆವು. ತಿಂಗಳ ಮೊದಲ ಶನಿವಾರ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಇಂದಿರಾನಗರದ ಕಡೆ ಹೋಗುವುದು. ಅಲ್ಲೇ ಬಿಯರ್ ತಯಾರಿಸುವ ಪಬ್ಬುಗಳಲ್ಲಿ ಒಂದನ್ನು ಆರಿಸಿ ಎರಡು ಗ್ಲಾಸು, ಅದಕ್ಕಿಂತ ಜಾಸ್ತಿ ಇಲ್ಲ. ಬರುವಾಗಲೂ ಮೆಟ್ರೋ. ಜೊತೆಗೆ ರಿಟೈರ್ಡ್ ಮೇಷ್ಟ್ರೊಬ್ಬರು, ಮಂಗಳೂರಿನ ಗೆಳೆಯ ಒಬ್ಬರು, ನನ್ನ ಭಾವಮೈದ. ನಾಲ್ವರಿಗೂ ನಾಲ್ಕು ದಾರಿ.

ಮೇಷ್ಟ್ರು ಸ್ಟೌಟ್ ಪಕ್ಷ. ಕಪ್ಪಗೆ ಹುರಿದ ಬಾರ್ಲಿ ಹಾಕಿ ಮಾಡಿದ್ದು. "ಇದು ಬಿಯರಲ್ಲ ಕಣ್ರೀ, ತಣ್ಣಗಿನ ಡಿಕಾಕ್ಷನ್" ಅನ್ನುತ್ತಾರೆ. ಭಾವಮೈದನಿಗೆ ಕಪ್ಪು ಕಂಡರೆ ಭಯ, ಕಪ್ಪಗಿದ್ದರೆ ಏರುತ್ತೆ ಅಂತ. ಅವನು ಸ್ಟ್ರಾಂಗ್ ಬಾಟಲಿಯ ಹಳೇ ಗಿರಾಕಿ ಬೇರೆ! ಮೇಷ್ಟ್ರು ಪಂದ್ಯ ಕಟ್ಟಿದರು. ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ಅನ್ನೋ ಕಪ್ಪು ಸ್ಟೌಟಿನ ಕ್ಯಾನ್ ತಿರುಗಿಸಿ ತೋರಿಸಿದರು: 4.2 ಪರ್ಸೆಂಟ್. ಅವನ ಚಿನ್ನದ ಬಣ್ಣದ ಬಾಟಲಿ ಹತ್ತಿರ ಹತ್ತಿರ 8. ಬಣ್ಣಕ್ಕೂ ಏರಿಗೂ ಸಂಬಂಧ ಇಲ್ಲ ಅಂತ ಒಪ್ಪಿಕೊಳ್ಳೋಕೆ ಅವನಿಗೆ ಇಡೀ ಸಂಜೆ ಹಿಡಿಯಿತು. ಆವತ್ತಿನ ನಿಪ್ಪಟ್ಟಿನ ದುಡ್ಡು ಅವನದು.

ಮಂಗಳೂರಿನವರದು ಗೋಧಿ ಬಿಯರ್, ಹೆಫೆವೈಜನ್. ಅದರಲ್ಲಿ ಕಾಳಿನ ಅರ್ಧಕ್ಕಾದರೂ ಗೋಧಿ ಇರುತ್ತದೆ. ಮಬ್ಬುಮಬ್ಬು, ಗ್ಲಾಸು ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಹಿಂದೆಯೇ ಲವಂಗ. ಮೊದಲ ಸಲ ನಾನು ಸಪ್ಲೈಯರ್ ಹುಡುಗನನ್ನು ಕೇಳಿದೆ, "ಬಾಳೆಹಣ್ಣಿನ ಎಸೆನ್ಸ್ ಹಾಕ್ತೀರೇನಪ್ಪಾ?" ಹುಡುಗ ಹಾವೇರಿಯವನು. "ಏನೂ ಹಾಕಿಲ್ರೀ ಸರ. ಅದು ಈಸ್ಟ್ ಮಾಡೋ ಕೆಲಸ. ಮೊದ್ಲ ಮೂಸಿ ನೋಡ್ರಿ, ಆಮ್ಯಾಲ ಕುಡೀರಿ" ಅಂದ. ಅವನು ಹೇಳಿದ್ದು ಸರಿ. ಹುದುಗು ಬರಿಸುವ ಜೀವವೇ ಆ ವಾಸನೆಗಳನ್ನು ಹುಟ್ಟಿಸುತ್ತದೆ. ಮಂಗಳೂರಿನವರ ಪ್ರಕಾರ ಇದಕ್ಕೆ ಕೋರಿ ಗಸಿ, ನೀರುದೋಸೆ ಬಿಟ್ಟು ಬೇರೆ ಜೋಡಿ ಇಲ್ಲ. ಒಂದು ಸಲ ಅವರ ಮನೆಯಲ್ಲಿ ಪರೀಕ್ಷೆಯೂ ಆಯಿತು. ನಾನು ಕೋಳಿ ತಿನ್ನುವವನಲ್ಲ. ಬರೀ ನೀರುದೋಸೆ, ಕಾಯಿಬೆಲ್ಲದ ಜೊತೆ ಕುಡಿದು ನೋಡಿದೆ. ಚೆನ್ನಾಗಿರಲಿಲ್ಲ.

ನಾನು ಕ್ಯೋಲ್ಶ್ ಸಿಕ್ಕರೆ ಕ್ಯೋಲ್ಶ್, ಇಲ್ಲದಿದ್ದರೆ ಪಿಲ್ಸ್ನರ್. ಈಗಿನ ಚೆಕ್ ದೇಶದ ಪ್ಲ್ಜೆನ್ ಊರಿನಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಅನ್ನುವವನು ಮಾಡಿದ್ದು. ನಮ್ಮ ಅಂಗಡಿಯ ಬಾಟಲಿ ಲಾಗರುಗಳೆಲ್ಲ, ಅಂದರೆ ತಣ್ಣಗೆ ನಿಧಾನವಾಗಿ ಹುದುಗು ಬರಿಸಿದ ಬಿಯರುಗಳೆಲ್ಲ, ಹೆಚ್ಚುಕಮ್ಮಿ ಇದರ ದೂರದ ಮೊಮ್ಮಕ್ಕಳೇ. ಇದಕ್ಕೆ ಕಾಂಗ್ರೆಸ್ ಕಡ್ಲೆಕಾಯಿ. ಮತ್ತೇನೂ ಬೇಡ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಅದರ ಬಗ್ಗೆ ನಮ್ಮಲ್ಲಿ ಒಮ್ಮತ ಇಲ್ಲ. ಹಾಪ್ಸ್ ಹೂವು ಸುರಿದು ಕಹಿ ಮಾಡಿದ ಬಿಯರ್ ಅದು. ಇಂಗ್ಲೆಂಡಿನಿಂದ ಇಲ್ಲಿಯ ಬಿಳಿಯರಿಗೆ ಅಂತ ಹಡಗಿನಲ್ಲಿ ಬರುತ್ತಿದ್ದದ್ದರಿಂದ ಹೆಸರಿನಲ್ಲಿ 'ಇಂಡಿಯಾ' ಸೇರಿಕೊಂಡಿದೆ. ಭಾವಮೈದ ಒಂದು ಗುಟುಕಿಗೇ ಕಷಾಯ ಅಂತ ತಳ್ಳಿದ. ಹಾಗಲಕಾಯಿ ಗೊಜ್ಜು ಚಪ್ಪರಿಸಿಕೊಂಡು ತಿನ್ನುವ ಬಾಯಿಗೆ ಇದೇನು ಮಹಾ ಕಹಿ ಅಂತ ನನಗೆ.

ಇದೆಲ್ಲ ಪರದೇಶದ್ದು, ನಮಗ್ಯಾಕೆ ಅಂತಲೂ ಆ ಹಿರಿಯರು ಕೇಳಿದ್ದರು. ಬಿಯರಿಗೆ ಮೂಲವಾದ ಮಾಲ್ಟ್ ಅಂದರೆ ಇನ್ನೇನಲ್ಲ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಕಾಳು. ನಮ್ಮ ಅಮ್ಮ ರಾಗಿಯನ್ನು ಒದ್ದೆ ಪಂಚೆಯಲ್ಲಿ ಕಟ್ಟಿ, ಕಲ್ಲು ಹೇರಿ, ಮೂರನೇ ದಿನ ಬಿಚ್ಚಿ ಮೊಳಕೆಯ ಉದ್ದ ನೋಡುತ್ತಿದ್ದರಲ್ಲ, ಅದೇ ಕೆಲಸ. ಮೊಳಕೆಯಲ್ಲಿ ಹಿಟ್ಟು ಸಿಹಿಯಾಗಲು ಶುರು. ಆ ಸಿಹಿಯನ್ನು ಈಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಬೆಂಗಳೂರಿನ ಕೆಲವು ಪಬ್ಬುಗಳು ಈಗ ಬಾರ್ಲಿ ಜೊತೆ ರಾಗಿ ಸೇರಿಸಿಯೂ ಬಿಯರ್ ಮಾಡುತ್ತವೆ. ಮಣ್ಣಿನ ಘಮ ಸ್ವಲ್ಪ ಇರುತ್ತದೆ, ನನಗೆ ಇಷ್ಟ. ಇನ್ನು ಈ ಊರಿಗೂ ಬಿಯರಿಗೂ ನಂಟು ನಿನ್ನೆ ಮೊನ್ನೆಯದಲ್ಲ. ಥಾಮಸ್ ಲೀಶ್‌ಮನ್ ಅನ್ನುವವರು ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ದು 1915ರಲ್ಲಿ. ಈಗ ಯುಬಿ ಸಿಟಿ ಕಟ್ಟಡ ಇರುವ ಜಾಗದಲ್ಲಿ ಆಗ ಬ್ರೂವರಿ ಇತ್ತು. ನಾನು ಹುಡುಗನಿದ್ದಾಗ ಆ ಕಡೆ ಬಸ್ಸಿನಲ್ಲಿ ಹೋದರೆ ಹುರಿಹಿಟ್ಟಿನ ಥರ ವಾಸನೆ. ಅಪ್ಪ ಮುಖ ಆಚೆ ತಿರುಗಿಸುತ್ತಿದ್ದರು. ನಾನು ಉಸಿರು ಎಳೆದುಕೊಳ್ಳುತ್ತಿದ್ದೆ.

ಈಗ ತಕರಾರಿಗೆ ಬರುತ್ತೇನೆ. ಹೋದ ಏಪ್ರಿಲ್‌ನಲ್ಲಿ ನಮ್ಮ ಕಡೆಯ ವೈನ್ ಶಾಪ್ ಒಂದರಿಂದ ಹಸಿರು ಬಾಟಲಿಯ ಬಿಯರ್ ತಂದೆ. ಹೆಸರು ಬೇಡ, ಅಂಗಡಿಯದೂ ಬೇಡ, ಕಂಪನಿಯದೂ ಬೇಡ. ಬಾಟಲಿಗಳು ಬಾಗಿಲ ಬಳಿ ಅಂದದ ಸಾಲಿನಲ್ಲಿ ನಿಂತಿದ್ದವು, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ಮನೆಗೆ ತಂದು, ತಣ್ಣಗೆ ಮಾಡಿ, ಮುಚ್ಚಳ ತೆಗೆದೆ. ಒಳಗಿನಿಂದ ನಮ್ಮ ಮನೆಯವರು ಕೂಗಿದರು, "ಏನ್ರೀ, ಗ್ಯಾಸ್ ಸೋರ್ತಾ ಇದೆಯಾ?" ಎದ್ದು ಹೋಗಿ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿಗಳನ್ನೂ ತೆಗೆದರು. ಸಿಲಿಂಡರಿನದಲ್ಲ, ನನ್ನ ಗ್ಲಾಸಿನದು ಅಂತ ಹೇಳೋಕೆ ನನಗೆ ನಾಚಿಕೆ.

ಅವರ ಮೂಗು ತಪ್ಪಿರಲಿಲ್ಲ. ಹಾಪ್ಸಿನ ಅಂಶಕ್ಕೆ ಬೆಳಕು ತಗುಲಿದರೆ ಗಂಧಕ ಸೇರಿದ ಒಂದು ನಾತ ಹುಟ್ಟುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಬೆರೆಸುವ ವಾಸನೆಯ ಜಾತಿಯದೇ ಅದು. ಕಂದು ಬಾಟಲಿ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರಿನದು ಅಷ್ಟಿಲ್ಲ. ಕುಡಿದರೆ ವಿಷವೇನಲ್ಲ, ಆದರೆ ಕುಡಿಯೋಕೆ ಮನಸ್ಸು ಬರಬೇಕಲ್ಲ. ಅಂಗಡಿಗೆ ಒಯ್ದು ತೋರಿಸಿದೆ. "ಸಾರ್, ಬಿಯರ್ ಅಂದ್ರೆ ವಾಸ್ನೆ ಇರಲ್ವಾ?" ಅಂದ. ಎಲ್ಲಾ ಒಂದೇ ಕಹಿನೀರು ಅಂತ ನಾವು ಅಂದುಕೊಂಡಿರುವವರೆಗೆ ಅವನಿಗೆ ಈ ಉತ್ತರ ಸಾಕು. ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ತಯಾರಾದ ತಾರೀಖು ನೋಡೋಣ ಅಂದರೆ ಅದೂ ಆಗಲಿಲ್ಲ. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರರಲ್ಲೊಂದು ಭಾಗ ಓದಿದ ಕಣ್ಣು ನನ್ನದು. ಭೂತಗನ್ನಡಿ ಇಟ್ಟರೂ ಆ ಲೇಬಲ್ಲಿನ ತಾರೀಖು ಓದಲಾಗಲಿಲ್ಲ. ಅಲ್ಪಸ್ವಲ್ಪ ಇದ್ದ ಮಸಿಯನ್ನು ಐಸಿನ ನೀರು ತೊಳೆದು ಹಾಕಿತ್ತು. ಹಾಲಿನ ಪ್ಯಾಕೆಟ್ಟಿನ ಮೇಲೆ ಕತ್ತಲಲ್ಲೂ ಕಾಣುವ ಹಾಗೆ ಹಾಕುತ್ತಾರೆ. ಬಿಯರೂ ಹಳತಾದಷ್ಟು ಕೆಡುವ ಪದಾರ್ಥವೇ, ಹಾಪ್ಸಿನ ಘಮ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಸರ್ಕಾರ ಬಾಟಲಿ ಬಾಟಲಿಗೂ ತೆರಿಗೆ ಎಣಿಸಿಕೊಳ್ಳುತ್ತದೆ ತಾನೇ? ತಾರೀಖನ್ನು ಅಳಿಸದ ಮಸಿಯಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿಸಲಿ. ಬಾಟಲಿಯನ್ನು ಬಿಸಿಲಿಗೆ ಇಡಬಾರದು ಅಂತ ಅಂಗಡಿಗಳಿಗೆ ಒಂದು ಸಾಲಿನ ಆದೇಶ ಕಳಿಸಲಿ.

ಪಬ್ಬಿನವರಿಗೂ ಒಂದು ಮಾತು. ನಾವು ಹೋಗುವ ಕಡೆಯೆಲ್ಲ ಮೆನು ಪೂರ್ತಿ ಇಂಗ್ಲಿಷ್. ಪಿಲ್ಸ್ನರ್ ಎದುರಿಗೆ 'ಡ್ರೈ' ಅಂತ ಇತ್ತು. ಭಾವಮೈದ ಕೇಳಿದ, "ಒಣಗಿದ ಬಿಯರ್ ಹೇಗೆ ಕೊಡ್ತಾರೆ?" ನಕ್ಕೆವು, ಆದರೆ ಅವನ ಪ್ರಶ್ನೆ ನ್ಯಾಯವಾದದ್ದೇ. ಕಹಿ, ಒಗರು, ಹುಳಿ, ಹುರಿದ ಘಮ, 'ಡ್ರೈ' ಅನ್ನೋದಕ್ಕೆ 'ಬಾಯಲ್ಲಿ ಸಿಹಿ ನಿಲ್ಲೋದಿಲ್ಲ'. ಇಷ್ಟು ಕನ್ನಡ ಸಾಕು, ಒಂದು ಬೋರ್ಡಿನ ಮೇಲೆ ಬರೆದು ಹಾಕಿ. ಬರೆಯೋಕೆ ಬಾರದಿದ್ದರೆ ಹಾವೇರಿ ಹುಡುಗನನ್ನು ಕೇಳಿ. ಹಾಗೇ ಗ್ಲಾಸನ್ನು ಫ್ರೀಜರಿನಲ್ಲಿಟ್ಟು ಮಂಜು ಹಿಡಿಸಿ ಕೊಡುವುದನ್ನೂ ಬಿಡಿ. ಐಸ್‌ಕ್ರೀಮ್ ಕರಗಿದ ಮೇಲೆ ಸಿಹಿ ಜಾಸ್ತಿ ಅನ್ನಿಸುತ್ತೆ ಅಲ್ವಾ? ಅತಿ ತಣ್ಣಗಿದ್ದರೆ ನಾಲಿಗೆಗೆ ಏನೂ ತಿಳಿಯೋದಿಲ್ಲ. ಮೇಷ್ಟ್ರು ತಮ್ಮ ಸ್ಟೌಟನ್ನು ಹತ್ತು ನಿಮಿಷ ಅಂಗೈಯಲ್ಲಿ ಹಿಡಿದು ಕೂರುತ್ತಾರೆ, ಮೊಮ್ಮಗುವಿನ ಕೆನ್ನೆ ಹಿಡಿದ ಹಾಗೆ.

ಪತ್ರ ಬರೆದ ಹಿರಿಯರು ಮುಂದಿನ ಶನಿವಾರ ನಮ್ಮ ಜೊತೆ ಬರಬಹುದು. ಕುಡಿಯಲೇಬೇಕು ಅಂತಿಲ್ಲ. ಅವರಿಗೆ ಲೈಮ್ ಸೋಡಾ ಮತ್ತು ಕಾಂಗ್ರೆಸ್ ಕಡ್ಲೆಕಾಯಿ ನನ್ನ ಲೆಕ್ಕದಲ್ಲಿ. ನಾಲ್ಕು ಗ್ಲಾಸು ಎದುರಿಗಿಡುತ್ತೇವೆ, ಬರೀ ಮೂಸಿ ನೋಡಲಿ. ನಾಲ್ಕೂ ಒಂದೇ ಅಂದರೆ ಅವತ್ತಿನ ಪೂರ್ತಿ ಬಿಲ್ಲು ಭಾವಮೈದ ಕೊಡುತ್ತಾನೆ. ಅವನಿಗೆ ಇನ್ನೂ ಹೇಳಿಲ್ಲ.

ಇತಿ,
ನಿಮ್ಮ ಹಳೆಯ ಓದುಗ,
ರಾಜಾಜಿನಗರ, ಬೆಂಗಳೂರು