ಕೆಗ್ ಕಿಟ್ ನಿಲ್ಲುತ್ತಿದೆ, ಬಿಡಿ ಸಾಮಾನು ಸಿಗುತ್ತದೆ

ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ಕ್ಯಾಲಿಫೋರ್ನಿಯಾದ ನಮ್ಮ ಸನಿವೇಲ್ ಮಳಿಗೆಯಲ್ಲಿ ಕೆಗ್ಗಿಂಗ್ ಸ್ಟಾರ್ಟರ್ ಕಿಟ್, ಅಂದರೆ ಮನೆಯಲ್ಲಿ ಮಾಡಿದ ಬಿಯರನ್ನು ಕೆಗ್ಗಿಗೆ (ಒತ್ತಡ ತಡೆಯುವ ಸ್ಟೀಲ್ ಪೀಪಾಯಿಗೆ) ತುಂಬಿ ನಲ್ಲಿಯಿಂದ ಹಿಡಿಯಲು ಬೇಕಾದ ಸಾಮಾನಿನ ಕಟ್ಟು, ಸಿಗುವುದಿಲ್ಲ. ಅದರೊಳಗಿದ್ದ ಕೆಗ್, ರೆಗ್ಯುಲೇಟರ್, ಪೈಪು, ನಲ್ಲಿ ಎಲ್ಲವನ್ನೂ ಬಿಡಿಯಾಗಿ ಕೊಳ್ಳಬಹುದು. ಹೊಸ ಕೆಗ್ ಜತೆಗೆ ಒತ್ತಡ ಹಾಕಿ ಪರೀಕ್ಷಿಸಿದ ಹಳೇ ಕೆಗ್‌ಗಳನ್ನೂ ಇಡುತ್ತಿದ್ದೇವೆ. ಇನ್ನೊಂದು ಬದಲಾವಣೆ ಸಿಲಿಂಡರಿನದು: ನಿಮ್ಮದೇ ಸಿಲಿಂಡರಿಗೆ ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ತುಂಬಿಸಿ ಕೊಡುವುದನ್ನು ನಿಲ್ಲಿಸಿ, ಖಾಲಿ ಕೊಟ್ಟು ತುಂಬಿದ್ದು ಒಯ್ಯುವ ಪದ್ಧತಿಯನ್ನಷ್ಟೇ ಇಟ್ಟುಕೊಳ್ಳುತ್ತೇವೆ.

ಕಾರಣ ಇಷ್ಟೇ. ಕಿಟ್ಟಿನ ದುಡ್ಡಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಹೊಳೆಯುವ ಹೊಸ ಕೆಗ್ಗಿಗೆ. ಆದರೆ ಹಳೇ ಸ್ಟೀಲ್ ಕೆಗ್ಗಿನಲ್ಲಿ ಬಿಯರ್ ಒಂದಿಷ್ಟೂ ಕೆಡುವುದಿಲ್ಲ. ಕೆಲಸ ಕೆಡಿಸುವುದು ಬಿಡಿಗಾಸಿನ ರಬ್ಬರ್ ರಿಂಗು ಮತ್ತು ಅಗ್ಗದ ರೆಗ್ಯುಲೇಟರ್. ಕೈ ಬಿಗಿಹಿಡಿದು ಶುರು ಮಾಡುವವರು ಕೆಗ್ಗಿನಲ್ಲಿ, ನಲ್ಲಿಯಲ್ಲಿ, ಫ್ರಿಜ್ಜಿನಲ್ಲಿ ಉಳಿಸಲಿ. ರೆಗ್ಯುಲೇಟರಿನಲ್ಲಿ ಉಳಿಸುವುದು ಬೇಡ.

ಹಳೇ ಕೆಗ್ ಅಂದರೆ ಒಂದು ಕಾಲಕ್ಕೆ ಸೋಡಾ ಕಂಪನಿಗಳು ಸಿರಪ್ ತುಂಬಿ ಹೋಟೆಲುಗಳಿಗೆ ಕಳಿಸುತ್ತಿದ್ದ 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಕಾರ್ನೀಲಿಯಸ್ ಕೆಗ್. ಆ ಕಂಪನಿಗಳು ಸಿರಪ್ಪನ್ನು ರಟ್ಟಿನ ಡಬ್ಬದೊಳಗಿನ ಚೀಲದಲ್ಲಿ ಕಳಿಸತೊಡಗಿದ ಮೇಲೆ ಇವು ಹಳೇ ಸಾಮಾನಿನ ಸಂತೆಗೆ ಬಂದವು. ಪೈಪು ಜೋಡಿಸುವ ಬಗೆಯಿಂದ ಇದರಲ್ಲಿ ಎರಡು ಜಾತಿ. ಪೆಪ್ಸಿಯವರು ಬಳಸಿದ್ದು ಬಾಲ್ ಲಾಕ್, ಕೋಕ್‌ನವರು ಬಳಸಿದ್ದು ಪಿನ್ ಲಾಕ್. ಪಿನ್ ಲಾಕ್ ಕುಳ್ಳಗೆ, ದಪ್ಪಗೆ ಇರುತ್ತದೆ. ತಗ್ಗಾದ ಫ್ರಿಜ್ಜಿಗೆ ಅದೇ ಸರಿ. ಗ್ಯಾಸಿನ ಕಡೆ ಎರಡು ಪಿನ್, ಬಿಯರಿನ ಕಡೆ ಮೂರು ಪಿನ್ ಇರುವುದರಿಂದ ಅದಲುಬದಲು ಆಗುವುದೇ ಇಲ್ಲ. ಬಾಲ್ ಲಾಕಿನಲ್ಲಿ ಆ ಅನುಕೂಲವಿಲ್ಲ: ಬೂದು ಕನೆಕ್ಟರ್ ಗ್ಯಾಸಿಗೆ, ಕಪ್ಪು ಬಿಯರಿಗೆ. ತಪ್ಪು ಕಡೆ ಒತ್ತಿ ಕೂರಿಸಿದರೆ ಕಚ್ಚಿಕೊಂಡುಬಿಡುತ್ತದೆ, ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆದರೂ ಬಾಲ್ ಲಾಕಿನ ಮುಚ್ಚಳದಲ್ಲಿ ಒತ್ತಡ ಬಿಡುವ ಕೀಲು ಇರುವುದರಿಂದ, ಬಿಡಿಭಾಗವೂ ಸುಲಭವಾಗಿ ಸಿಗುವುದರಿಂದ, ಮೊದಲ ಕೆಗ್ ಕೊಳ್ಳುವವರಿಗೆ ನಾವು ಅದನ್ನೇ ಹೇಳುತ್ತೇವೆ. ಯಾವುದಾದರೂ ಸರಿ, ಒಂದೇ ಜಾತಿಗೆ ಅಂಟಿಕೊಳ್ಳಿ. ಕೆಗ್ ತಯಾರಕರು ಬೇರೆಯಾದರೆ ಪೋಸ್ಟಿನ (ಕನೆಕ್ಟರ್ ಕೂರುವ ಮೂತಿಯ) ತಿರುಪಿನ ಮರೆಯೂ ಬೇರೆಯಾಗುತ್ತದೆ. ಒಂದರ ಪೋಸ್ಟನ್ನು ಇನ್ನೊಂದಕ್ಕೆ ತಿರುಗಿಸಲು ಹೋಗಿ ಮರೆ ತಿನ್ನಿಸಿಕೊಳ್ಳಬೇಡಿ.

ನಾವು ಕೊಡುವ ಪ್ರತಿ ಹಳೇ ಕೆಗ್ಗಿನ ಐದೂ ರಿಂಗುಗಳು ಹೊಸವು: ಮುಚ್ಚಳದ ದೊಡ್ಡದೊಂದು, ಪೋಸ್ಟುಗಳವು ಎರಡು, ಒಳಗಿನ ಕೊಳವೆಗಳವು ಎರಡು. ಹಳೇ ರಿಂಗನ್ನು ಎಷ್ಟು ತೊಳೆದರೂ ರೂಟ್ ಬಿಯರ್ ಎಂಬ ಸೋಡಾದ ಸಿರಪ್ಪಿನ ವಾಸನೆ ಬಿಡುವುದಿಲ್ಲ, ಅದು ನೇರ ನಿಮ್ಮ ಬಿಯರಿಗೆ ಇಳಿಯುತ್ತದೆ. ಆಮೇಲೆ 30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಅಳತೆ) ಒತ್ತಡ ಹಾಕಿ, ಸೋಪಿನ ನೀರು ಬಳಿದು, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಒತ್ತಡ ಇಳಿದಿದ್ದರೆ ಆ ಕೆಗ್ಗನ್ನು ಮಾರುವುದಿಲ್ಲ. ಒಳಗಡೆ ತೊಳೆಯುವ ಕೆಲಸ ನಿಮ್ಮದು. ಸೋಡಿಯಂ ಪರ್‌ಕಾರ್ಬೊನೇಟ್ ಹಾಕಿದ ಬಿಸಿನೀರು ಸಾಕು. ಬ್ಲೀಚ್ ಮಾತ್ರ ಬೇಡ, ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿ ತಿನ್ನುತ್ತದೆ.

ಮುಚ್ಚಳದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕೌಂಟರಿಗೆ ಬರುವ ‘ಗ್ಯಾಸ್ ಖಾಲಿಯಾಯಿತು’ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ. ಇದು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ: ಒಳಗಿನ ಒತ್ತಡ ಹೊರಕ್ಕೆ ತಳ್ಳಿದರೇ ಬಿಗಿ ಕೂರುವುದು. ಕ್ಲ್ಯಾಂಪ್ ಹಾಕಿ 5 ಪಿಎಸ್‌ಐ ಕೊಟ್ಟರೆ ಹಳೇ ಮುಚ್ಚಳ ಸದ್ದಿಲ್ಲದೆ ಸೋರುತ್ತಿರುತ್ತದೆ. ರಿಂಗಿಗೆ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಮುಚ್ಚಳ ಕೂರಿಸಿ, ಮೊದಲು 30 ಪಿಎಸ್‌ಐ ಕೊಡಿ. ‘ಟಕ್’ ಎಂದು ಕೂತ ಮೇಲೆ ಬೇಕಾದ ಮಟ್ಟಕ್ಕೆ ಇಳಿಸಿ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಗ್ಯಾಸಿನ ಲೆಕ್ಕ ನೋಡಿ. 19 ಲೀಟರ್ ಬಿಯರಿಗೆ ಅದರ ಗಾತ್ರದ ಎರಡೂವರೆ ಪಟ್ಟು ಗ್ಯಾಸ್ ಸೇರಬೇಕೆಂದರೆ ತೂಕದಲ್ಲಿ ಸುಮಾರು 95 ಗ್ರಾಂ. ಅದರಲ್ಲಿ ಒಂದಷ್ಟು ಹುದುಗುವಾಗಲೇ ಸೇರಿರುತ್ತದೆ. ಅಷ್ಟೂ ಬಿಯರನ್ನು ಲೋಟಕ್ಕೆ ತಳ್ಳಲು ಇನ್ನೊಂದು 70 ಗ್ರಾಂ. ಹಾಗಾದರೆ 5 ಪೌಂಡಿನ, ಅಂದರೆ 2.27 ಕಿಲೋ ಗ್ಯಾಸಿನ ಸಿಲಿಂಡರ್ ಹನ್ನೆರಡು ಕೆಗ್ಗಿಗಾದರೂ ಬರಬೇಕು. ಕೆಗ್ಗಿನ ಗಾಳಿ ಹೊರಹಾಕುವುದು, ಒತ್ತಡ ಬಿಡುವುದು ಸೇರಿ ಏಳೆಂಟು ಕೆಗ್ ಆದರೂ ತಕರಾರಿಲ್ಲ. ಎರಡಕ್ಕೇ ಮುಗಿದರೆ ಎಲ್ಲೋ ಸೋರಿಕೆ ಇದೆ ಅಂತಲೇ ಅರ್ಥ. ಮುಚ್ಚಳದ ನಂತರ ನೋಡಬೇಕಾದ್ದು ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ನೈಲಾನ್ ವಾಷರ್. ಸಿಲಿಂಡರ್ ಬದಲಿಸಿದಾಗೆಲ್ಲ ಅದನ್ನೂ ಬದಲಿಸಿ. ಇನ್ನು ಮೇಲೆ ತುಂಬಿದ ಸಿಲಿಂಡರ್ ಜತೆ ಒಂದು ವಾಷರ್ ಪುಕ್ಕಟೆ ಕೊಡುತ್ತೇವೆ. ರೆಗ್ಯುಲೇಟರಿನೊಳಗೇ ರಬ್ಬರ್ ಸೀಲ್ ಇದ್ದರೆ ವಾಷರ್ ಬೇಕಾಗಿಲ್ಲ.

ಸಿಲಿಂಡರಿನ ಕಡೆಯ ಗೇಜ್ ನೋಡಿ ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ಒಳಗೆ ದ್ರವ ಇರುವವರೆಗೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ: ಕೋಣೆಯ ಬಿಸಿಗೆ 850 ಪಿಎಸ್‌ಐ ಆಸುಪಾಸು, ಫ್ರಿಜ್ಜಿನಲ್ಲಿ ಇಟ್ಟರೆ 550ರ ಹತ್ತಿರ. ದ್ರವ ಮುಗಿದ ಮೇಲೆ ದಡಕ್ಕನೆ ಬೀಳುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ತೂಕ ಹಾಕಿ, ಸಿಲಿಂಡರಿನ ಮೇಲೆ ‘ಟಿಡಬ್ಲ್ಯು’ ಎಂದು ಒತ್ತಿರುವ ಖಾಲಿ ತೂಕ ಕಳೆಯಿರಿ. ಸಿಲಿಂಡರ್ ಯಾವಾಗಲೂ ನೆಟ್ಟಗೇ ನಿಂತಿರಲಿ; ಅಡ್ಡ ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ನುಗ್ಗಿ ಅದು ಕೆಡುತ್ತದೆ.

ತುಂಬಿಸಿ ಕೊಡುವುದನ್ನು ನಿಲ್ಲಿಸಿದ್ದಕ್ಕೆ ಕಾರಣ ಪರೀಕ್ಷೆಯ ದಿನಾಂಕ. ಇಲ್ಲಿನ ನಿಯಮದಂತೆ ಈ ಸಿಲಿಂಡರುಗಳಿಗೆ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಲೇಬೇಕು. ಅವಧಿ ಮೀರಿದ್ದನ್ನು ತುಂಬಿಸುವಂತಿಲ್ಲ. ಬದಲಾವಣೆ ಪದ್ಧತಿಯಲ್ಲಿ ಆ ಖರ್ಚು, ಓಡಾಟ ನಮ್ಮ ಪಾಲಿಗೆ. ಆದರೆ ಒಂದು ಮಾತು: ಫಳಫಳ ಹೊಳೆಯುವ ಹೊಸ ಅಲ್ಯುಮಿನಿಯಂ ಸಿಲಿಂಡರ್ ಕೊಂಡು ತಂದರೆ ಮೊದಲ ಸಲವೇ ಅದು ಹೋಗಿ ಗೀಚು ಬಿದ್ದ ಸ್ಟೀಲಿನದು ಕೈಗೆ ಬರುತ್ತದೆ. ಹೊಸದಕ್ಕೆ ದುಡ್ಡು ಸುರಿಯಬೇಡಿ.

ಬಿಯರ್ ತುಂಬುವಾಗ ಸೈಫನ್ ಪೈಪಿನ ತುದಿ ಕೆಗ್ಗಿನ ತಳ ಮುಟ್ಟಿರಲಿ, ಚಿಮ್ಮಬಾರದು. ಮುಚ್ಚಿದ ಮೇಲೆ 30 ಪಿಎಸ್‌ಐ ಕೊಟ್ಟು ಕೀಲು ಎತ್ತಿ ಬಿಡುವುದನ್ನು ನಾಲ್ಕೈದು ಸಲ ಮಾಡಿ. ಒಳಗೆ ಗಾಳಿ ಉಳಿದರೆ ಕೆಲವು ವಾರಗಳಲ್ಲೇ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಆಮೇಲೆ 38 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ 3ರಿಂದ 4 ಸೆಲ್ಸಿಯಸ್‌ನಲ್ಲಿ, 12 ಪಿಎಸ್‌ಐಗೆ ಇಟ್ಟು ಹತ್ತು ಹದಿನೈದು ದಿನ ಮರೆತುಬಿಡಿ. ಅವಸರವಿದ್ದರೆ ಬಿಯರ್ ತಣ್ಣಗಾದ ಮೇಲೆ 30 ಪಿಎಸ್‌ಐನಲ್ಲಿ ಒಂದು ದಿನ ಇಟ್ಟು, ಒತ್ತಡ ಬಿಟ್ಟು, 12ಕ್ಕೆ ಇಳಿಸಿ. ಕೆಗ್ಗನ್ನು ಕುಲುಕಿ ಗಂಟೆಯೊಳಗೆ ಗ್ಯಾಸ್ ಸೇರಿಸುವ ಕಸರತ್ತು ನಮಗೆ ಹಿಡಿಸದು. ಹೆಚ್ಚಾದರೆ ಇಳಿಸುವುದು ತಲೆನೋವು.

ನೊರೆ ಜಾಸ್ತಿ ಬಂದರೆ ಎಲ್ಲರೂ ಮೊದಲು ಮಾಡುವುದು ಒತ್ತಡ ಇಳಿಸುವುದು. ಆಗ ಬಿಯರಿನ ಗ್ಯಾಸ್ ಪೈಪಿನಲ್ಲೇ ಬೇರೆಯಾಗಿ ನೊರೆ ಇನ್ನೂ ಹೆಚ್ಚುತ್ತದೆ, ವಾರದಲ್ಲಿ ಬಿಯರ್ ಸಪ್ಪೆಯಾಗುತ್ತದೆ. ಬದಲಿಸಬೇಕಾದ್ದು ಪೈಪಿನ ಉದ್ದ. ಒಳವ್ಯಾಸ 3/16 ಇಂಚು ಇರುವ ಪೈಪು 10 ಅಡಿ ಇರಲಿ. ಕಿಟ್ಟಿನ ಜತೆ ಬರುತ್ತಿದ್ದದ್ದು 5 ಅಡಿ. ಅದನ್ನು ಬಳಸುತ್ತಿರುವವರು ಉದ್ದದ್ದು ಹಾಕಿ ನೋಡಿ. ಕೈಯಲ್ಲಿ ಹಿಡಿದು ಒತ್ತುವ ಪ್ಲಾಸ್ಟಿಕ್ ಪಿಕ್ನಿಕ್ ನಲ್ಲಿ ಶುರುವಿಗೆ ಧಾರಾಳ ಸಾಕು. ಪೈಪಿನ ಸಮೇತ ಫ್ರಿಜ್ಜಿನೊಳಗೇ ಇರುವುದರಿಂದ ಬೆಚ್ಚಗಾಗಿ ನೊರೆಯೇಳುವ ಕಾಟವೂ ಇಲ್ಲ. ಮುಂದೆ ಸ್ಟೀಲ್ ನಲ್ಲಿ ಹಾಕುವವರು ಫ್ರಿಜ್ಜಿನ ಬಾಗಿಲಿಗೆ ತೂತು ಕೊರೆಯಿರಿ. ಪಕ್ಕದ ಗೋಡೆಯಲ್ಲಿ ಶೀತಕದ ಕೊಳವೆ ಹಾದಿರಬಹುದು, ಡ್ರಿಲ್ ತಾಗಿದರೆ ಫ್ರಿಜ್ಜಿನ ಕಥೆ ಮುಗಿಯಿತು.

ಕಾನೂನು ಕೇಳುವವರಿಗೆ: ಅಮೆರಿಕದ ಕೇಂದ್ರ ಕಾನೂನು 1979ರಿಂದ ಮನೆಯ ಬಳಕೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಲು ಬಿಟ್ಟಿದೆ. ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200. ಮಾರುವಂತಿಲ್ಲ. ಊರಿಗೆ ಕೆಗ್ ಒಯ್ಯಬಹುದೇ ಎಂದೂ ಕೆಲವರು ಕೇಳುತ್ತಾರೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಬಿಯರ್ ಮಾಡುವಂತಿಲ್ಲ. ಖಾಲಿ ಕೆಗ್ಗಿನಲ್ಲಿ ಸೋಡಾ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ: ತಣ್ಣೀರಿಗೆ 30 ಪಿಎಸ್‌ಐ ಕೊಟ್ಟು ಕೆಲವು ದಿನ ಇಟ್ಟರೆ ನಿಂಬೆ ಸೋಡಾಕ್ಕೆ ಬೇಕಾದಷ್ಟು ಗ್ಯಾಸಿನ ಚುರುಕು ಬರುತ್ತದೆ. ಗ್ಯಾಸ್ ಸಿಲಿಂಡರನ್ನು ಅಲ್ಲೇ ಹುಡುಕಿಕೊಳ್ಳಿ.

ಕಿಟ್ಟಿಗೆ ಈಗಾಗಲೇ ಮುಂಗಡ ಕೊಟ್ಟವರು ಅದನ್ನು ಬಿಡಿ ಸಾಮಾನಿಗೆ ಹೊಂದಿಸಿಕೊಳ್ಳಬಹುದು, ಇಲ್ಲವೇ ವಾಪಸ್ ಪಡೆಯಬಹುದು, ರಸೀದಿ ತನ್ನಿ. ರಿಂಗು ಕೊಳ್ಳಲು ಬರುವವರು ಕೆಗ್ ಹೊತ್ತು ತರುವುದು ಬೇಡ, ಒತ್ತಡ ಪೂರ್ತಿ ಬಿಟ್ಟು ಮುಚ್ಚಳ ಮತ್ತು ಎರಡೂ ಪೋಸ್ಟುಗಳನ್ನು ಬಿಚ್ಚಿ ತಂದರೆ ಸಾಕು. ಯಾವ ಪೋಸ್ಟ್ ಯಾವ ಕಡೆಯದು ಅಂತ ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಿ.

ವಂದನೆಗಳೊಂದಿಗೆ,
ಮಳಿಗೆಯ ಸಿಬ್ಬಂದಿ