ತರಗೆಲೆ ತೆಗೆಯದೆ ಬಾವಿಗೆ ಬ್ಲೀಚಿಂಗ್ ಬೇಡ

ಮಾನ್ಯರೇ,

ಮಳೆ ಹಿಡಿದೊಡನೆ ಉಡುಪಿ, ಮಂಗಳೂರಿನ ಮನೆಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತದೆ. ಬೀಳಲೇಬೇಕು, ವಾಂತಿಭೇದಿಯ ಅಪಾಯ ಎಲ್ಲಕ್ಕಿಂತ ದೊಡ್ಡದು. ಆದರೆ ಬಾವಿಕಟ್ಟೆಯಲ್ಲಿ ನಿಂತು ಪೊಟ್ಟಣ ಹರಿದು ಸುರಿಯುವ ರೂಢಿ ಸರಿಯಲ್ಲ.

ಹಲಸು, ಗೇರಿನ ತರಗೆಲೆ ಬಾವಿಯಲ್ಲಿ ಕೊಳೆತಾಗ ಹ್ಯೂಮಿಕ್ ಆಮ್ಲ ನೀರಿಗೆ ಇಳಿಯುತ್ತದೆ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇದರೊಡನೆ ಸೇರಿದಾಗ ಕ್ಲೋರೋಫಾರ್ಮ್ ಮುಂತಾದ, ಹೆಚ್ಚಾದರೆ ಆರೋಗ್ಯಕ್ಕೆ ಹಾನಿಕರವಾದ ಟ್ರೈಹಾಲೋಮೀಥೇನ್‌ಗಳು ಹುಟ್ಟುತ್ತವೆ. ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮಿನ ರಸಾಯನತಜ್ಞ ಜೋಹಾನ್ಸ್ ರೂಕ್ 1974ರಲ್ಲೇ ಇದನ್ನು ತೋರಿಸಿದ್ದರು. ಕ್ಲೋರಿನ್ ಕೊಳೆಗೇ ಖರ್ಚಾಗಿ ಕ್ರಿಮಿಗೆ ಉಳಿಯುವುದಿಲ್ಲ. ವಾಸನೆ ಬರಲಿಲ್ಲವೆಂದು ಮನೆಯವರು ಇನ್ನೊಂದು ಮುಷ್ಟಿ ಹಾಕುತ್ತಾರೆ, ಎಡವುವುದು ಅಲ್ಲಿಯೇ.

ಕಡಲಂಚಿನ, ಅಳಿವೆ ಬದಿಯ ಬಾವಿಗಳದ್ದು ಇನ್ನೂ ಸೂಕ್ಷ್ಮ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ (ಬ್ರೋಮಿನ್‌ನ ಲವಣರೂಪ) ಇದೆ. ನೂರಕ್ಕೆ ಒಂದು ಪಾಲು ಒಸರಿದರೂ, ನಾಲಿಗೆಗೆ ಉಪ್ಪು ತಿಳಿಯುವ ಮೊದಲೇ, ಬಾವಿಯಲ್ಲಿ ಲೀಟರಿಗೆ 0.65 ಮಿಲಿಗ್ರಾಂ ಆಯಿತು. ಕ್ಲೋರಿನ್ ತಾಗಿದರೆ ಆ ಬ್ರೋಮೈಡ್ ಹೈಪೋಬ್ರೋಮಸ್ ಆಮ್ಲವಾಗಿ ಕೊಳೆಯೊಡನೆ ಇನ್ನಷ್ಟು ಬೇಗ ಕೂಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕ್ಲೋರೋಫಾರ್ಮಿನ ಮಿತಿ ಲೀಟರಿಗೆ 0.2 ಮಿಲಿಗ್ರಾಂ, ಬ್ರೋಮಿನ್ ಸೇರಿ ಹುಟ್ಟುವ ಬ್ರೋಮೋಡೈಕ್ಲೋರೋಮೀಥೇನಿನದ್ದು 0.06 ಮಾತ್ರ.

ಆದ್ದರಿಂದ ಮೊದಲು ತರಗೆಲೆ, ತಳದ ಕೆಸರು ತೆಗೆಸಿ. ಬಾವಿಯ ಮೇಲೆ ಬಲೆ ಹಾಸಿ. ಆಮೇಲೆ ಲೆಕ್ಕ: ವ್ಯಾಸ × ವ್ಯಾಸ × ನೀರಿನ ಆಳ (ಮೀಟರಿನಲ್ಲಿ) × 785 ಅಂದರೆ ಲೀಟರ್. ಮೂರು ಮೀಟರ್ ಅಗಲ, ಮೂರು ಮೀಟರ್ ನೀರಿದ್ದರೆ 21,000 ಲೀಟರ್ ಚಿಲ್ಲರೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿಯಂತೆ ಸಾಕಾಗುವುದು 53 ಗ್ರಾಂ, ಕಿಲೋ ಅಲ್ಲ! ಶೇ. 33 ಕ್ಲೋರಿನ್ ಇರುವ ಹೊಸ ಪುಡಿ ಒಂದು ಕಿಲೋ ಹಾಕಿದರೆ ಕ್ಲೋರಿನ್ ಲೀಟರಿಗೆ 15 ಮಿಲಿಗ್ರಾಂ ದಾಟುತ್ತದೆ. ತೇವ ತಾಗಿದ ಹಳೆಯ ಪುಡಿಯಲ್ಲಿ ಮಾತ್ರ ಸತ್ವ ಕಡಿಮೆ, ಅದನ್ನು ಅಳತೆಗೆ ನಂಬಬೇಡಿ.

ಪುಡಿಯನ್ನು ಬಾಲ್ದಿಯಲ್ಲಿ ಹಿಟ್ಟಿನಂತೆ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ತಿಳಿಯನ್ನಷ್ಟೇ ಬೇರೆ ಬಾಲ್ದಿಗೆ ಬಸಿಯಿರಿ. ತಳದ ಸುಣ್ಣ ಬಾವಿಗೆ ಬೇಡ. ತಿಳಿಯ ಬಾಲ್ದಿಯನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಎಳೆದು ಕದಡಿ. ಒಂದು ಗಂಟೆಯ ಬಳಿಕ ಕ್ಲೋರೋಸ್ಕೋಪಿನಲ್ಲಿ (ನೀರಿನ ಕ್ಲೋರಿನ್ ಅಳೆಯುವ ಸಾಧನ) ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಷ್ಟೂ ಉಳಿಯದಿದ್ದರೆ ಬಾವಿಯಲ್ಲಿ ಕೊಳೆ ಇನ್ನೂ ಇದೆಯೆಂದೇ ಅರ್ಥ.

ಮುಚ್ಚಳ, ಕಿಟಕಿ ತೆರೆದು ಐದಾರು ನಿಮಿಷ ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಹಾರಿಹೋಗುತ್ತದೆ. ಕ್ಲೋರಿನ್ ಕೊಳೆಯೊಡನೆ ಕೂಡಿದಾಗ ಜೊತೆಗೇ ಹುಟ್ಟುವ ಹಾಲೋಅಸಿಟಿಕ್ ಆಮ್ಲಗಳು ಹಾಗೆ ಹಾರುವುದಿಲ್ಲ.

– ಒಬ್ಬ ನೀರು ಪರೀಕ್ಷಕ, ಉಡುಪಿ