ಹಾಳೆ ಟೊಪ್ಪಿಯ ಕುರುಬರು ಬೇಡವಂತೆ!

ಸಂಪಾದಕರೇ,

ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ದೃಶ್ಯವನ್ನು ಬೊಂಬೆಗಳಲ್ಲಿ ಕಟ್ಟುವ ಗೋದಲಿ ಸ್ಪರ್ಧೆ 'ಅದ್ದೂರಿಯಾಗಿ' ನಡೆಯಿತೆಂದು ಸೋಮವಾರದ ಪತ್ರಿಕೆಯಲ್ಲಿ ಓದಿದೆ. ಫೋಟೋದಲ್ಲಿ ಶಾಲು ಹೊದ್ದವರು ಹನ್ನೊಂದು ಮಂದಿ. ಗೋದಲಿ ಮಾತ್ರ ಒಂದೂ ಕಾಣಲಿಲ್ಲ.

ಕರಪತ್ರದಲ್ಲಿ ಇದ್ದದ್ದು 'ನಮ್ಮ ನೆಲದ ಜಾನಪದ ಗೋದಲಿ' ಅಂತ. ನಂಬಿ ನಾನೂ ಮಗಳೂ ಎಂಟು ದಿನ ಕೂತೆವು. ಮುಳಿಹುಲ್ಲಿನ ಮಾಡು, ಯೇಸುವನ್ನು ನೋಡಲು ಬಂದ ಕುರಿಕಾಯುವ ಕುರುಬರ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಒಬ್ಬನ ಕೊರಳಿಗೆ ಇಲ್ಲಿನ ಬುಡಕಟ್ಟಿನವರಾದ ಕೊರಗರ ಡೋಲು. ಬಾಲಯೇಸುವನ್ನು ಮಲಗಿಸಲು ನೆರೆಮನೆಯ ಕೊರಗ ಅಕ್ಕ ಕಾಡುಬಳ್ಳಿ ಸೀಳಿ ಬುಟ್ಟಿ ಹೆಣೆದು ಕೊಟ್ಟರು. ದುಡ್ಡು ಮುಟ್ಟಲಿಲ್ಲ. ಮಾಡು ಒಳಗೆ ಹಿಡಿಯದೆ ರಿಕ್ಷಾದವರೆಲ್ಲ ಆಗುವುದಿಲ್ಲವೆಂದು ಕೈಯಾಡಿಸಿದರು. ಕೊನೆಗೆ ಗೂಡ್ಸ್ ಆಟೋ, 350 ರೂಪಾಯಿ.

ತೀರ್ಪುಗಾರರೊಬ್ಬರು ನೋಡಿ ನಕ್ಕರು. "ಯೇಸು ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಅಲ್ಲ." ಮೊದಲ ಬಹುಮಾನ ಥರ್ಮಾಕೋಲ್ ಹಿಮಕ್ಕೆ. ಅಲ್ಲ ಸ್ವಾಮೀ, ಕುರುಬರ ಮೇಲೆ ಥರ್ಮಾಕೋಲ್ ಸುರಿದದ್ದು ಯಾವ ಬೆತ್ಲೆಹೇಮಿನಲ್ಲಿ? 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿಯೇ ಗೋದಲಿ ಮಾಡಿಸಿದ್ದು. ಪೆರುವಿನ ಅಯಾಕುಚೊ ಕಡೆ ಬಾಗಿಲಿರುವ ಮರದ ಪೆಟ್ಟಿಗೆಯೊಳಗೆ ಗೋದಲಿ ಇಡುತ್ತಾರೆ. ಆಲೂಗಡ್ಡೆಗೆ ಜಿಪ್ಸಂ ಪುಡಿ ಕಲಸಿ ಮಾಡಿದ ಬೊಂಬೆಗಳು. ಕುರುಬರಿಗೆ ಅಲ್ಲಿನ ಬೆಟ್ಟದವರದೇ ಬಟ್ಟೆ, ಪಕ್ಕದಲ್ಲಿ ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿ. ಅಲ್ಲಿ ಲಾಮಾ ನಿಲ್ಲಬಹುದು, ಇಲ್ಲಿ ಮುಟ್ಟಾಳೆ ಆಗುವುದಿಲ್ಲ!

ಅರ್ಜಿ ಫಾರಂ ಬೇರೆ ಮಲಯಾಳದಲ್ಲಿ ಮಾತ್ರ. ಕೇಳಿದರೆ "ಕನ್ನಡದ್ದು ಮುಗಿದಿದೆ" ಎಂದರು. ಅದು ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಮುಗಿದಿರಬೇಕು. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ತಿದ್ದಿಸಲು ನಾಲ್ಕು ಸಲ ಅಲೆದಾಗಲೂ ಇದೇ ಉತ್ತರ. ಕೊನೆಗೆ ತಿದ್ದಿದರು, ಈಗ ಅಮ್ಮನ ಹೆಸರು ತಪ್ಪಾಗಿದೆ. ದಾರಿದೀಪದ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಮರುದಿನ ಗೋದಲಿ ತರಲು ಹೋದೆ. ಬಾಲಯೇಸು ಕಿಟಕಿ ದಂಡೆಯ ಮೇಲೆ ಅಂಗಾತ ಮಲಗಿದ್ದ. ಅಕ್ಕ ಹೆಣೆದ ಬುಟ್ಟಿ ವೇದಿಕೆಯ ಹಿಂದೆ ಇತ್ತು, ಅದರ ತುಂಬ ಚಹಾ ಕುಡಿದು ಬಿಸಾಡಿದ ಪೇಪರ್ ಕಪ್‌ಗಳು. ಮುಟ್ಟಲು ಹೋದರೆ "ನಾಳೆ ಬನ್ನಿ" ಎಂದರು. ಆ ಅಕ್ಕನಿಗೆ ನಾನು ಯಾವ ಮುಖದಲ್ಲಿ ಹೇಳಲಿ?

ಸಂಬಂಧಪಟ್ಟವರು ಇದನ್ನು ಓದಲಿ. ಮುಂದಿನ ವರ್ಷ ಜಾನಪದ ಗೊತ್ತಿರುವವರನ್ನು ತೀರ್ಪಿಗೆ ಕೂರಿಸಲಿ, ಇಲ್ಲದಿದ್ದರೆ ಸ್ಪರ್ಧೆಯನ್ನೇ ನಿಲ್ಲಿಸಲಿ. ಫಾರಂ ಕನ್ನಡದಲ್ಲೂ ಕೊಡಲಿ. ಅದೂ ಆಗದಿದ್ದರೆ ಸುಮ್ನೆ ಥರ್ಮಾಕೋಲ್ ಸ್ಪರ್ಧೆ ಅಂತಲೇ ಬೋರ್ಡು ಹಾಕಲಿ, ಮಾರಾಯ್ರೇ. ಬುಟ್ಟಿಯನ್ನು ಮಾತ್ರ ತೊಳೆದು ಕೊಡಲಿ.

— ಓರ್ವ ಓದುಗ, ಕಾಸರಗೋಡು ಜಿಲ್ಲೆ